ಗ್ಯಾಲರಿಯೋ, ದುಂಡು ಮೇಜೋ, ಚಕ್ರದ ಕುರ್ಚಿಯೋ? ವಿಶ್ವವಿದ್ಯಾಲಯದ ಪಾಠದ ಕೊಠಡಿಯನ್ನು ಆರಿಸುವ ಬಗೆ

ಹೊಸ ಕಟ್ಟಡಕ್ಕೆ ನಕ್ಷೆ ತಯಾರಾಗುವಾಗಲೋ ಹಳೆಯ ಕೊಠಡಿಯನ್ನು ದುರಸ್ತಿಗೆ ಎತ್ತಿಕೊಂಡಾಗಲೋ ವಿಭಾಗದ ಮುಖ್ಯಸ್ಥರ ಮೇಜಿಗೆ ಒಂದು ಕಡತ ಬರುತ್ತದೆ. ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಉಪಕರಣಗಳ ಪಟ್ಟಿ: ಇಷ್ಟು ಇಂಚಿನ ಪರದೆ, ಇಷ್ಟು ಮೈಕ್, ಇಂಥ ಕ್ಯಾಮೆರಾ. ಆ ಕೊಠಡಿಯಲ್ಲಿ ಯಾರು, ಏನನ್ನು, ಹೇಗೆ ಕಲಿಸುತ್ತಾರೆ ಎಂಬ ವಿಚಾರ ಕೊನೆಯ ಪುಟದಲ್ಲಿ ಒಂದು ಸಾಲಾಗಿ ಉಳಿದಿರುತ್ತದೆ. ಈ ಕ್ರಮವನ್ನು ಪೂರ್ತಿ ತಿರುವಿ ಹಾಕಬೇಕು ಎಂಬುದು ನನ್ನ ವಾದ. ವಿದ್ಯುನ್ಮಾನ ಉಪಕರಣಗಳು 5ರಿಂದ 7 ವರ್ಷದಲ್ಲಿ ಹಳತಾಗುತ್ತವೆ. ಮೇಜು ಕುರ್ಚಿಗಳು 10ರಿಂದ 15 ವರ್ಷ ಬಾಳುತ್ತವೆ. ಕಾಂಕ್ರೀಟಿನ ಮೆಟ್ಟಿಲು, ಚಾವಣಿಯ ಎತ್ತರ, ಕಿಟಕಿಯ ದಿಕ್ಕು ಇವೆಲ್ಲ ಹಲವು ದಶಕಗಳ ಕಾಲ ಇದ್ದೇ ಇರುತ್ತವೆ. ಹೆಚ್ಚು ಕಾಲ ಉಳಿಯುವುದನ್ನು ಮೊದಲು ತೀರ್ಮಾನಿಸಬೇಕು. ನೆಲ ಮೊದಲು, ಕಿವಿ ಆಮೇಲೆ, ಪರದೆ ಕೊನೆಗೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲ ಅಳತೆಗೋಲು ಪಾಠದ ನಿಮಿಷಗಳು. ಆ ಕೊಠಡಿಗೆ ಬರಲಿರುವ ಪತ್ರಿಕೆಗಳ, ಅಂದರೆ ಅಲ್ಲಿ ಕಲಿಸುವ ವಿಷಯಗಳ, ಪಟ್ಟಿ ತೆಗೆದುಕೊಳ್ಳಿ. ಒಂದು ಗಂಟೆಯ ತರಗತಿಯಲ್ಲಿ ಅಧ್ಯಾಪಕರು ಮಾತನಾಡುವುದು ಎಷ್ಟು ನಿಮಿಷ, ಹಲಗೆಯ ಮೇಲೆ ಬರೆಯುವುದು ಎಷ್ಟು, ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಚರ್ಚಿಸುವುದು ಎಷ್ಟು, ಲೆಕ್ಕ ಬಿಡಿಸುವುದು ಎಷ್ಟು ಎಂದು ಪತ್ರಿಕೆವಾರು ಬರೆದುಕೊಳ್ಳಿ. ಅಧ್ಯಾಪಕರನ್ನು ಕೇಳಿದರೆ ಸಾಲದು. ಅನುಮತಿ ಪಡೆದು ಕೆಲವು ತರಗತಿಗಳ ಹಿಂದಿನ ಸಾಲಿನಲ್ಲಿ ಕುಳಿತು ನೋಡಬೇಕು. ಚರ್ಚೆಗೆ ತುಂಬಾ ಸಮಯ ಕೊಡುತ್ತೇನೆ ಎಂದು ಮನಸಾರೆ ನಂಬಿರುವವರ ತರಗತಿಯಲ್ಲೂ ಗಡಿಯಾರ ಬೇರೆಯದನ್ನು ಹೇಳಬಹುದು.

ಎರಡನೆಯದು ಒಬ್ಬರಿಗೆ ಬೇಕಾಗುವ ಜಾಗ. ಓಡಾಡುವ ದಾರಿಗಳನ್ನೂ ಸೇರಿಸಿ ಸ್ಥೂಲವಾಗಿ ಹೇಳುವುದಾದರೆ, ಕದಲದ ಆಸನಗಳು ಮೆಟ್ಟಿಲಾಗಿ ಏರುವ ಗ್ಯಾಲರಿಯಲ್ಲಿ ಒಬ್ಬರಿಗೆ 1.2 ಚದರ ಮೀಟರ್ ಸಾಕು. ಚಕ್ರವಿದ್ದು ಸರಿಸಬಹುದಾದ ಮೇಜು ಕುರ್ಚಿಗೆ 2 ಚದರ ಮೀಟರಿನ ಆಸುಪಾಸು ಬೇಕು. ದುಂಡು ಮೇಜಿನ ಕೊಠಡಿಗೆ 2.3ರಿಂದ 3 ಚದರ ಮೀಟರ್ ಬೇಕು. ಹೀಗಾಗಿ 100 ಚದರ ಮೀಟರಿನ ಕೊಠಡಿಯಲ್ಲಿ ಗ್ಯಾಲರಿಯಾದರೆ ಸುಮಾರು 80 ಜನ, ಚಕ್ರದ ಕುರ್ಚಿಗಳಾದರೆ 50, ದುಂಡು ಮೇಜುಗಳಾದರೆ 36 ಜನ ಹಿಡಿಯುತ್ತಾರೆ. ದುಂಡು ಮೇಜಿನ ಮೋಹದಲ್ಲಿ ಈ ಲೆಕ್ಕ ಮರೆತರೆ 80 ವಿದ್ಯಾರ್ಥಿಗಳ ತರಗತಿಯನ್ನು ಎರಡಾಗಿ ಒಡೆದು ಒಂದೇ ಪಾಠವನ್ನು ಎರಡು ಬಾರಿ ಮಾಡಬೇಕಾಗುತ್ತದೆ. ಆ ಹೆಚ್ಚುವರಿ ಗಂಟೆ ಯಾರ ಕೆಲಸದ ಹೊರೆಗೆ ಸೇರುತ್ತದೆ ಎಂಬುದನ್ನು ನಕ್ಷೆಗೆ ಸಹಿ ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ಮೂರನೆಯದು ಕೇಳಿಸುವುದು ಮತ್ತು ಕಾಣಿಸುವುದು. ನಾಲ್ಕನೆಯದು, ಮುಂದೆ ಬೋಧನೆಯ ಬಗೆ ಬದಲಾದರೆ ಕೊಠಡಿಯನ್ನೂ ಬದಲಿಸಲು ಬರುತ್ತದೆಯೇ ಎಂಬುದು. ಐದನೆಯದು ನಿರ್ವಹಣೆ: ಉಪಕರಣ ಕೈಕೊಟ್ಟಾಗ ಯಾರು, ಎಷ್ಟು ಹೊತ್ತಿನಲ್ಲಿ ಬಂದು ಸರಿಪಡಿಸುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಸರಳವಾದುದನ್ನೇ ಆರಿಸಿ. ಕೊನೆಯದಾಗಿ ಎಲ್ಲರ ಪ್ರವೇಶ. ಗಾಲಿಕುರ್ಚಿಯೊಂದು ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಖಾಲಿ ಜಾಗ ಬೇಕು, ಶ್ರವಣ ಯಂತ್ರ ಬಳಸುವವರಿಗೆ ಮೈಕಿನ ದನಿ ನೇರವಾಗಿ ತಲುಪುವ ವ್ಯವಸ್ಥೆ ಬೇಕು. ಇವನ್ನು ನಕ್ಷೆಯ ಹಂತದಲ್ಲೇ ಸೇರಿಸಿದರೆ ಖರ್ಚು ಅಲ್ಪ. ಕಟ್ಟಿದ ಮೇಲೆ ಒಡೆದು ಸೇರಿಸುವುದು ದುಬಾರಿ.

ಕಿವಿಯ ಮಾತು

ಕೇಳಿಸುವುದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಕೊಠಡಿಯ ಚರ್ಚೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ಇದಕ್ಕೇ, ಕಲಿಕೆಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬೀಳುವುದೂ ಇಲ್ಲೇ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಫಾಗ್ ಕಲಾ ಸಂಗ್ರಹಾಲಯಕ್ಕಾಗಿ ಕಟ್ಟಿಸಿದ್ದ ಹೊಸ ಉಪನ್ಯಾಸ ಭವನದಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಒಂದು ಪದದ ದನಿ ಅಡಗಲು ಐದು ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು, ಅಷ್ಟರಲ್ಲಿ ಹಿಂದಿನಿಂದ ಹತ್ತಾರು ಪದಗಳು ಬಂದು ಅದರ ಮೇಲೆ ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸ್ಯಾಬೈನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕರ ಪಾಲಿಗೆ ಬಂತು. ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಅವನ್ನು ಭವನದಲ್ಲಿ ಹೆಚ್ಚು ಹೆಚ್ಚಾಗಿ ಹರಡುತ್ತಾ, ಆರ್ಗನ್ ಕೊಳವೆಯೊಂದನ್ನು ಊದಿ ದನಿ ಅಡಗುವ ಹೊತ್ತನ್ನು ಅವರು ಅಳೆದರು. ಆ ರಾತ್ರಿಗಳಿಂದ ಹುಟ್ಟಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಕೊಠಡಿಯ ಘನ ಗಾತ್ರವನ್ನು 0.161ರಿಂದ ಗುಣಿಸಿ, ಶಬ್ದ ಹೀರುವ ಒಟ್ಟು ಮೇಲ್ಮೈಯಿಂದ (ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದು ಹೀರುವ ಪಾಲಿನಿಂದ ಗುಣಿಸಿ ಕೂಡಿಸಿದ್ದು) ಭಾಗಿಸಿದರೆ ಅನುರಣನದ ಅವಧಿ, ಅಂದರೆ ದನಿ ಅಡಗಲು ಹಿಡಿಯುವ ಹೊತ್ತು, ಸೆಕೆಂಡುಗಳಲ್ಲಿ ಸಿಗುತ್ತದೆ.

ಅಮೆರಿಕದ ಎಸ್12.60 ಎಂಬ ಮಾನಕ ಶಾಲಾ ಕೊಠಡಿಗಳಿಗಾಗಿ ರೂಪಿಸಿದ್ದು, ಆದರೆ ವಿಶ್ವವಿದ್ಯಾಲಯದ ಕೊಠಡಿಗೂ ಒಳ್ಳೆಯ ಅಳತೆಗೋಲು. 283 ಘನ ಮೀಟರಿನೊಳಗಿನ ಖಾಲಿ ಕೊಠಡಿಯಲ್ಲಿ ಅನುರಣನ 0.6 ಸೆಕೆಂಡು ಮೀರಬಾರದು, ಹಿನ್ನೆಲೆಯ ಗದ್ದಲ 35 ಡೆಸಿಬೆಲ್ ಮೀರಬಾರದು ಎಂದು ಅದು ಹೇಳುತ್ತದೆ. 10 ಮೀಟರ್ ಉದ್ದ, 9 ಮೀಟರ್ ಅಗಲ, 3 ಮೀಟರ್ ಎತ್ತರದ ಕೊಠಡಿಯನ್ನು ತೆಗೆದುಕೊಳ್ಳಿ. ಗಾತ್ರ 270 ಘನ ಮೀಟರ್. 0.6 ಸೆಕೆಂಡಿಗೆ ಇಳಿಸಲು ಸುಮಾರು 72 ಚದರ ಮೀಟರಿನಷ್ಟು ಹೀರುವಿಕೆ ಬೇಕು. 90 ಚದರ ಮೀಟರಿನ ಇಡೀ ಚಾವಣಿಗೆ ಶಬ್ದದ ಶೇಕಡ 70ರಷ್ಟನ್ನು ಹೀರುವ ಫಲಕ ಹಾಕಿದರೆ 63 ಚದರ ಮೀಟರ್ ಅಲ್ಲೇ ಸಿಕ್ಕಿತು. ಉಳಿದದ್ದನ್ನು ಹಿಂದಿನ ಗೋಡೆಯ ಮೇಲೆ ಸ್ವಲ್ಪ ಫಲಕ ಹಾಕಿ ತುಂಬಬಹುದು. ಇದಕ್ಕೆ ವಿದ್ಯುತ್ ಬೇಡ, ತಂತ್ರಾಂಶ ಬೇಡ, ವರ್ಷ ವರ್ಷ ನವೀಕರಣವೂ ಬೇಡ. ಗಟ್ಟಿ ಗಾರೆಯ ಗೋಡೆ, ನುಣುಪು ನೆಲ, ಬರಿ ಕಾಂಕ್ರೀಟಿನ ಚಾವಣಿಯ ಕೊಠಡಿಯಲ್ಲಿ ಎಷ್ಟೇ ಒಳ್ಳೆಯ ಮೈಕ್ ಇಟ್ಟರೂ ಅದು ಗೊಂದಲವನ್ನೇ ಇನ್ನಷ್ಟು ಜೋರಾಗಿ ಕೇಳಿಸುತ್ತದೆ.

ಗದ್ದಲದ ಮಿತಿಯೂ ಇಷ್ಟೇ ಮುಖ್ಯ. ಅಧ್ಯಾಪಕರ ದನಿ ಹಿನ್ನೆಲೆಗಿಂತ ಕನಿಷ್ಠ 15 ಡೆಸಿಬೆಲ್ ಮೇಲಿರಬೇಕು. ಹವಾನಿಯಂತ್ರಣ ಯಂತ್ರದ ಮೊರೆತವೊಂದೇ ಈ ಅಂತರವನ್ನು ನುಂಗಿಬಿಡಬಲ್ಲದು, ಆದ್ದರಿಂದ ಯಂತ್ರ ಕೊಳ್ಳುವಾಗ ಅದರ ಶಬ್ದದ ಅಂಕಿಯನ್ನು ಕೇಳಿ ಪಡೆಯಿರಿ.

ಗ್ಯಾಲರಿ

ಮೆಟ್ಟಿಲು ಮೆಟ್ಟಿಲಾಗಿ ಏರುವ ಉಪನ್ಯಾಸ ಕೊಠಡಿಯನ್ನು ಈಗ ಹಳೆಯ ಕಾಲದ್ದೆಂದು ತಳ್ಳಿಹಾಕುವವರಿದ್ದಾರೆ. ನಾನು ಅವರ ಮಾತನ್ನು ಒಪ್ಪುವುದಿಲ್ಲ. ವಿದ್ಯಾರ್ಥಿಗಳು 100 ದಾಟಿದರೆ ಮುಂದಿನವರ ತಲೆ ಅಡ್ಡ ಬಾರದಂತೆ ಎಲ್ಲರಿಗೂ ಹಲಗೆ ಕಾಣಿಸಲು ಇದಕ್ಕಿಂತ ಉತ್ತಮ ದಾರಿಯಿಲ್ಲ. ತಲಾ ಜಾಗವೂ ತಲಾ ಖರ್ಚೂ ಕಡಿಮೆ. ಪ್ರಯೋಗ ತೋರಿಸಿ ವಿವರಿಸುವ ಪಾಠ, ಅತಿಥಿ ಉಪನ್ಯಾಸ, ಮೊದಲ ವರ್ಷದ ದೊಡ್ಡ ತರಗತಿ ಇವಕ್ಕೆ ಹೊಂದುತ್ತದೆ.

ಗ್ಯಾಲರಿಯಲ್ಲಿ ಚರ್ಚೆ ಸಾಧ್ಯವೇ ಇಲ್ಲ ಎಂಬ ಮಾತೂ ನಿಜವಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ಎರಿಕ್ ಮಜೂರ್ 1991ರಿಂದ ಬೆಳೆಸಿದ ಸಹಪಾಠಿ ಬೋಧನೆಯ ಕ್ರಮ ನಡೆದದ್ದು ದೊಡ್ಡ ಉಪನ್ಯಾಸ ತರಗತಿಗಳಲ್ಲೇ. ಒಂದು ಪ್ರಶ್ನೆ ಹಾಕಬೇಕು, ಪ್ರತಿಯೊಬ್ಬರೂ ತಮ್ಮ ಉತ್ತರ ಸೂಚಿಸಬೇಕು, ಪಕ್ಕದವರನ್ನು ಒಪ್ಪಿಸಲು ಯತ್ನಿಸಬೇಕು, ಮತ್ತೆ ಉತ್ತರಿಸಬೇಕು. ಇದಕ್ಕೆ ಬೇಕಾದ ತಂತ್ರಜ್ಞಾನ ಮೊಬೈಲಿನ ಮತದಾನ, ಅದೂ ಇಲ್ಲದಿದ್ದರೆ ಬಣ್ಣದ ಕಾರ್ಡು. ಹೊಸದಾಗಿ ಕಟ್ಟುವುದಾದರೆ ಪ್ರತಿ ಮೆಟ್ಟಿಲನ್ನೂ ಅಗಲಿಸಿ ಎರಡೆರಡು ಸಾಲು ಕೂರಿಸಿ, ಮುಂದಿನ ಸಾಲಿಗೆ ತಿರುಗುವ ಕುರ್ಚಿ ಹಾಕಿಸಿ. ಮುಂದಿನ ಇಬ್ಬರೋ ಮೂವರೋ ಹಿಂದೆ ತಿರುಗಿದರೆ ಗುಂಪು ಸಿದ್ಧ. ಜಾಗ ಹೆಚ್ಚು ಬೇಕಾಗುತ್ತದೆ, ಆಸನಗಳು ಕಡಿಮೆಯಾಗುತ್ತವೆ. ಆದರೂ ಹೊಸ ಗ್ಯಾಲರಿಗೆ ಈ ಬಗೆಯನ್ನೇ ನಾನು ಬಲವಾಗಿ ಸೂಚಿಸುತ್ತೇನೆ.

ದೋಷಗಳು ಎರಡು, ಎರಡೂ ಗಟ್ಟಿಯಾದವು. ಸಾಲಿನ ನಡುವೆ ಕುಳಿತವರ ಬಳಿಗೆ ಅಧ್ಯಾಪಕರು ಹೋಗಲಾರರು. ಗಾಲಿಕುರ್ಚಿಯವರಿಗೆ ಸಾಮಾನ್ಯವಾಗಿ ತೀರಾ ಮುಂದಿನ ಅಥವಾ ತೀರಾ ಹಿಂದಿನ ಜಾಗವೇ ಗತಿ. ಜೊತೆಗೆ ಒಮ್ಮೆ ಎರಕ ಹೊಯ್ದ ಮೆಟ್ಟಿಲನ್ನು ಹತ್ತು ವರ್ಷದ ಮೇಲೆ ಬೇಡವೆಂದರೆ ಒಡೆಯುವುದೊಂದೇ ದಾರಿ. ಆದ್ದರಿಂದ ನಿಜವಾದ ದೊಡ್ಡ ತರಗತಿಗಳು ಎಷ್ಟಿವೆಯೋ ಅಷ್ಟಕ್ಕೇ ಗ್ಯಾಲರಿ ಕಟ್ಟಿ. 50 ಜನರ ಗ್ಯಾಲರಿ ಕಟ್ಟುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಕುದುರೆಲಾಳದ ಕೊಠಡಿ

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲ್ಡ್ರಿಚ್ ಹಾಲ್ 1953ರಲ್ಲಿ ತೆರೆದಾಗಿನಿಂದ ಈ ಆಕಾರ ಪ್ರಸಿದ್ಧ. ಸಾಲುಗಳು ಅಧ್ಯಾಪಕರನ್ನು ಮೂರು ಕಡೆಯಿಂದ ಸುತ್ತುವರಿಯುತ್ತವೆ, ಅಧ್ಯಾಪಕರು ನಡುವಿನ ಬಯಲಿಗೆ ಇಳಿದು ಬರುತ್ತಾರೆ, ವಿದ್ಯಾರ್ಥಿಗಳಿಗೆ ಪರಸ್ಪರರ ಮುಖ ಕಾಣುತ್ತದೆ. ನಿರ್ವಹಣಾಶಾಸ್ತ್ರ, ಕಾನೂನು, ಸಾರ್ವಜನಿಕ ಆಡಳಿತದಲ್ಲಿ ಒಂದು ಪ್ರಕರಣ ಹಿಡಿದು ತರಗತಿಯೆಲ್ಲ ವಾದಿಸುವ ಪದ್ಧತಿಯಿದ್ದರೆ ಇದು ಅತ್ಯುತ್ತಮ. ಪರದೆಯೇ ಪ್ರಧಾನವಾದ ಪಾಠಕ್ಕೆ ಮಾತ್ರ ಒಲ್ಲದು: ಲಾಳದ ಎರಡು ತುದಿಗಳಲ್ಲಿ ಕುಳಿತವರಿಗೆ ಚಿತ್ರ ಓರೆಯಾಗಿ ಕಾಣುತ್ತದೆ. ವಾರದ ಬಹುಪಾಲು ಗಂಟೆ ಪ್ರಕರಣ ಚರ್ಚೆಯೇ ನಡೆಯುವ ವಿಭಾಗಕ್ಕಲ್ಲದೆ ಬೇರೆಯವರಿಗೆ ಇದು ಬೇಕಾಗಿಲ್ಲ.

ಸಮನೆಲ, ಸರಿಯುವ ಮೇಜು ಕುರ್ಚಿ

30ರಿಂದ 50 ಜನರ ತರಗತಿಗಳೇ ಹೆಚ್ಚಾಗಿದ್ದು, ಮುಂದಿನ ಹತ್ತು ವರ್ಷದಲ್ಲಿ ಯಾವ ಪತ್ರಿಕೆ ಬರುತ್ತದೋ ಹೋಗುತ್ತದೋ ತಿಳಿಯದಿದ್ದರೆ ಇದನ್ನೇ ಆರಿಸಿ. ಬೆಳಿಗ್ಗೆ ಸಾಲು ಸಾಲು, ಮಧ್ಯಾಹ್ನ ನಾಲ್ಕು ನಾಲ್ಕು ಜನರ ಗುಂಪು, ಪರೀಕ್ಷೆಯ ದಿನ ಒಂಟಿ ಮೇಜುಗಳು, ಎಲ್ಲಕ್ಕೂ ಒಗ್ಗುತ್ತದೆ. ಗಾಲಿಕುರ್ಚಿಯವರು ಯಾವ ಜಾಗದಲ್ಲಾದರೂ ಎಲ್ಲರ ಜೊತೆ ಕೂರಬಹುದು. ಅಧ್ಯಾಪಕರು ಯಾರ ಬಳಿಗಾದರೂ ನಡೆದು ಹೋಗಬಹುದು.

ಆದರೆ ಸರಿಸಬಹುದಾದ ಮೇಜನ್ನು ಯಾರು, ಯಾವಾಗ ಸರಿಸುತ್ತಾರೆ? ಎರಡು ತರಗತಿಗಳ ನಡುವೆ ಹತ್ತು ನಿಮಿಷವಾದರೂ ಇಲ್ಲದಿದ್ದರೆ ಮೇಜುಗಳು ಇದ್ದಲ್ಲೇ ಉಳಿಯುತ್ತವೆ, ಚಕ್ರಕ್ಕೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಒಬ್ಬರೇ ತಳ್ಳಬಹುದಾದ ಹಗುರ ಮೇಜು, ತಡೆ ಇರುವ ಚಕ್ರ, ಕುರ್ಚಿಯ ಕೆಳಗೆ ಚೀಲ ಇಡಲು ಜಾಗ ಇವನ್ನು ಬಿಡಬೇಡಿ. ಪಾಠ ಮುಗಿದ ಮೇಲೆ ಮರಳಿಸಬೇಕಾದ ಮೂಲ ಜೋಡಣೆಯ ಚಿತ್ರವನ್ನು ಬಾಗಿಲ ಬಳಿ ಅಂಟಿಸಿ, ಮರಳಿಸುವ ಹೊಣೆಯನ್ನು ತರಗತಿಗೇ ಕೊಡಿ. ವಿದ್ಯುತ್ ಪ್ಲಗ್‌ಗಳನ್ನು ಗೋಡೆಯುದ್ದಕ್ಕೂ ಕೊಡಿಸಿ. ನೆಲದಲ್ಲಿ ಹುಗಿಸಿದ ಪ್ಲಗ್ ಪೆಟ್ಟಿಗೆಗಳು ಮೇಜುಗಳನ್ನು ಒಂದೇ ಜಾಗಕ್ಕೆ ಕಟ್ಟಿಹಾಕುತ್ತವೆ.

ಇಲ್ಲಿ ಪರದೆಯ ತೊಡಕು ಬರುತ್ತದೆ. ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕುಳಿತವರಿಗೆ ಸಾಮಾನ್ಯ ಸ್ಲೈಡಿನ ಅಕ್ಷರ ಓದಲು ಕಷ್ಟ. ಸೂಕ್ಷ್ಮ ರೇಖಾಚಿತ್ರ, ಅಂಕಿಗಳ ಕೋಷ್ಟಕವಾದರೆ ಮಿತಿ ನಾಲ್ಕು ಪಟ್ಟು. ಕಡೆಯ ಸಾಲು 12 ಮೀಟರ್ ದೂರದಲ್ಲಿದ್ದರೆ ಚಿತ್ರದ ಎತ್ತರ 2 ಮೀಟರ್ ಇರಬೇಕು. ಸಮನೆಲದಲ್ಲಿ ಮುಂದಿನವರ ತಲೆ ಮರೆಮಾಡದಂತೆ ಚಿತ್ರದ ಕೆಳ ಅಂಚನ್ನು ನೆಲದಿಂದ ಕನಿಷ್ಠ 1.2 ಮೀಟರ್ ಮೇಲಿಡಬೇಕು. ಅಂದರೆ 3 ಮೀಟರಿನ ಚಾವಣಿಯ ಕೊಠಡಿಯಲ್ಲಿ ಅದು ಹಿಡಿಸುವುದೇ ಇಲ್ಲ. ಪರದೆ ಕೊಳ್ಳುವ ಮೊದಲು ನೆಲವನ್ನೂ ಚಾವಣಿಯನ್ನೂ ನೋಡಿ ಎಂದು ಹೇಳಿದ್ದು ಇದಕ್ಕೇ. ಅಂಥ ಉದ್ದನೆಯ ಕೊಠಡಿಯಲ್ಲಿ ನಡುವೆ ಇಕ್ಕೆಲಗಳಲ್ಲಿ ಇನ್ನೆರಡು ಪರದೆ ಹಾಕಬೇಕು, ಅಥವಾ ಉದ್ದನೆಯ ಪಕ್ಕದ ಗೋಡೆಯನ್ನೇ ಮುಂದಿನ ಗೋಡೆಯಾಗಿ ಮಾಡಿಕೊಳ್ಳಬೇಕು. ಎರಡನೆಯದಕ್ಕೆ ಖರ್ಚೂ ಇಲ್ಲ, ಕಡೆಯ ಸಾಲೂ ಹತ್ತಿರ ಬರುತ್ತದೆ.

ದುಂಡು ಮೇಜು

ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬೈಕ್ನರ್ 1990ರ ದಶಕದಲ್ಲಿ ಭೌತಶಾಸ್ತ್ರಕ್ಕಾಗಿ ರೂಪಿಸಿದ ‘ಸ್ಕೇಲ್-ಅಪ್’ ಕೊಠಡಿ ಈ ಬಗೆಗೆ ಮಾದರಿ. 7 ಅಡಿ ವ್ಯಾಸದ ಮೇಜು, ಅದರ ಸುತ್ತ ಒಂಬತ್ತು ಜನ, ಮೂವರಿಗೊಂದು ತಂಡದಂತೆ ಮೂರು ತಂಡ. ಉಪನ್ಯಾಸ, ಲೆಕ್ಕ, ಪ್ರಯೋಗ ಎಲ್ಲವೂ ಅಲ್ಲೇ. 2000ರ ದಶಕದ ಆರಂಭದಲ್ಲಿ ಎಂಐಟಿ ಕೂಡ ಭೌತಶಾಸ್ತ್ರದ ಆರಂಭಿಕ ಪತ್ರಿಕೆಗಳಿಗೆ ಒಂಬತ್ತು ಜನರ ದುಂಡು ಮೇಜುಗಳ ಕೊಠಡಿಯನ್ನು ಕಟ್ಟಿಕೊಂಡಿತು.

ಮೇಜಿನ ಸುತ್ತ ಕುಳಿತವರಲ್ಲಿ ಅರ್ಧ ಜನ ಯಾವುದೇ ಒಂದು ಗೋಡೆಗೆ ಬೆನ್ನು ಹಾಕಿರುತ್ತಾರೆ. ಹಾಗಾಗಿ ಸುತ್ತಲಿನ ಗೋಡೆಗಳಲ್ಲೆಲ್ಲ ಪರದೆ ಬೇಕು, ಪ್ರತಿ ತಂಡಕ್ಕೂ ಬರೆಯುವ ಬಿಳಿ ಹಲಗೆ ಬೇಕು, ಅಧ್ಯಾಪಕರ ಮೇಜು ನಡುವೆ ಬರಬೇಕು. ಹತ್ತಾರು ಜನ ಒಮ್ಮೆಗೇ ಮಾತನಾಡುವುದರಿಂದ ಶಬ್ದ ಹೀರುವ ಚಾವಣಿ ಇಲ್ಲಿ ಕಡ್ಡಾಯ. ಗುಂಪಿನ ಉತ್ತರವನ್ನು ಎಲ್ಲರಿಗೂ ಕೇಳಿಸಲು ಮೇಜಿಗೊಂದು ಮೈಕ್ ಇದ್ದರೆ ಒಳ್ಳೆಯದು. ಇದರ ತಲಾ ಖರ್ಚು ಉಳಿದವುಗಳಿಗಿಂತ ಹೆಚ್ಚು.

ಫಲ ಇದೆಯೇ? 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು. ಬರಿಯ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರು ಸರಾಸರಿ ಶೇಕಡ 33.8, ವಿದ್ಯಾರ್ಥಿಗಳೇ ಚಟುವಟಿಕೆಯಲ್ಲಿ ತೊಡಗುವ ತರಗತಿಗಳಲ್ಲಿ ಶೇಕಡ 21.8. ಅಂತರ ದೊಡ್ಡದು. ಆದರೆ ಆ ಅಂಕಿ ಬೋಧನೆಯ ವಿಧಾನಕ್ಕೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಮೇಜನ್ನು ದುಂಡಾಗಿಸಿದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಇಂಥ ಕೊಠಡಿಯಲ್ಲಿ ಐವತ್ತು ನಿಮಿಷ ಉಪನ್ಯಾಸವನ್ನೇ ಕೊಟ್ಟರೆ ವಿದ್ಯಾರ್ಥಿಗಳಿಗೆ ಕತ್ತು ತಿರುಚಿಕೊಂಡು ಕೂರುವ ಶಿಕ್ಷೆ. ಪಠ್ಯವನ್ನು ಚಟುವಟಿಕೆಗಳಾಗಿ ಮರುಹೊಂದಿಸಲು ಅಧ್ಯಾಪಕರಿಗೆ ಒಂದು ಸೆಮಿಸ್ಟರಿನ ಬಿಡುವು, ತರಗತಿಯಲ್ಲಿ ಮೇಜಿನಿಂದ ಮೇಜಿಗೆ ಓಡಾಡಲು ಸಹಾಯಕರು, ಇವೆರಡನ್ನೂ ಅಂದಾಜಿನಲ್ಲಿ ಸೇರಿಸಿದ್ದರೆ ಧೈರ್ಯವಾಗಿ ಕಟ್ಟಿ. ಇಲ್ಲದಿದ್ದರೆ ಚಕ್ರದ ಮೇಜುಗಳನ್ನು ಗುಂಪುಗೂಡಿಸಿ ಒಂದೆರಡು ವರ್ಷ ನಡೆಸಿ ನೋಡಿ, ಆಮೇಲೆ ತೀರ್ಮಾನಿಸಿ.

ದೂರದವರೂ ಸೇರುವ ಮಿಶ್ರ ಕೊಠಡಿ

ಇಲ್ಲಿ ಎರಡು ಬೇರೆ ಬೇರೆ ಅಗತ್ಯಗಳನ್ನು ಒಂದೇ ಎಂದು ತಿಳಿಯುವುದರಿಂದ ಹಣ ಸೋರುತ್ತದೆ. ಪಾಠವನ್ನು ಚಿತ್ರೀಕರಿಸಿಟ್ಟು ಆಮೇಲೆ ನೋಡಲು ಕೊಡುವುದು ಒಂದು. ದೂರದ ವಿದ್ಯಾರ್ಥಿಗಳು ಅದೇ ಹೊತ್ತಿನಲ್ಲಿ ಪ್ರಶ್ನೆ ಕೇಳಿ ಚರ್ಚೆಗೆ ಸೇರುವುದು ಇನ್ನೊಂದು. ಮೊದಲನೆಯದಕ್ಕೆ ಅಧ್ಯಾಪಕರ ಅಂಗಿಗೆ ಸಿಕ್ಕಿಸುವ ಒಳ್ಳೆಯ ಮೈಕ್, ಹಲಗೆಯನ್ನು ಸ್ಪಷ್ಟವಾಗಿ ಹಿಡಿಯುವ ಒಂದು ಕ್ಯಾಮೆರಾ, ಪರದೆಯನ್ನು ಸೆರೆಹಿಡಿಯುವ ತಂತ್ರಾಂಶ ಸಾಕು. ಬಹುಪಾಲು ವಿಭಾಗಗಳಿಗೆ ನಿಜವಾಗಿ ಬೇಕಿರುವುದು ಇಷ್ಟೇ ಎಂದು ನನ್ನ ಅಂದಾಜು.

ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೋ ರಾಜ್ಯ ವಿಶ್ವವಿದ್ಯಾಲಯದ ಬ್ರಯನ್ ಬೀಟಿ ‘ಹೈಫ್ಲೆಕ್ಸ್’ ಎಂಬ ಹೆಸರಿನಲ್ಲಿ ರೂಪಿಸಿದ ಬಗೆ: ಕೊಠಡಿಗೆ ಬರುವುದು, ನೇರಪ್ರಸಾರದಲ್ಲಿ ಸೇರುವುದು, ಆಮೇಲೆ ನೋಡುವುದು, ಮೂರರಲ್ಲಿ ಯಾವುದೆಂದು ವಿದ್ಯಾರ್ಥಿಯೇ ಆಯ್ದುಕೊಳ್ಳುತ್ತಾರೆ. ಕೆಲಸ ಮಾಡುತ್ತಾ ಓದುವವರಿಗೆ ಇದು ದೊಡ್ಡ ಅನುಕೂಲ. ಇದಕ್ಕೆ ವಿದ್ಯಾರ್ಥಿಗಳ ಮಾತನ್ನೂ ಹಿಡಿಯುವ ಚಾವಣಿ ಮೈಕ್, ತರಗತಿಯತ್ತ ಮುಖ ಮಾಡಿದ ಕ್ಯಾಮೆರಾ, ದೂರದವರ ಮುಖ ಅಧ್ಯಾಪಕರಿಗೆ ಕಾಣುವಂತೆ ಹಿಂದಿನ ಗೋಡೆಯ ಮೇಲೆ ಪರದೆ ಬೇಕು. ಹಿಂದಿನ ಪರದೆಯೊಂದನ್ನು ಕೈಬಿಟ್ಟರೆ ದೂರದವರು ಕ್ರಮೇಣ ಮರೆತೇಹೋಗುತ್ತಾರೆ. ಪಾಠ ಮಾಡುತ್ತಲೇ ಎರಡೂ ಕಡೆಯನ್ನು ಗಮನಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ದೂರದವರ ಪ್ರಶ್ನೆಗಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಪ್ರತಿ ಕೊಠಡಿಗೂ ಇದನ್ನು ಅಳವಡಿಸುವ ಬದಲು ಆ ಬಗೆಯ ಪತ್ರಿಕೆಗಳು ಎಷ್ಟಿವೆಯೋ ಅಷ್ಟು ಕೊಠಡಿಗೆ ಪೂರ್ತಿಯಾಗಿ ಅಳವಡಿಸುವುದು ಲೇಸು.

ಹಲಗೆ, ಪರದೆ, ಬೆಳಕು

ಗಣಿತ, ಸೈದ್ಧಾಂತಿಕ ಭೌತಶಾಸ್ತ್ರದವರು ಉದ್ದನೆಯ ಕಪ್ಪುಹಲಗೆಗೆ ಪಟ್ಟು ಹಿಡಿದರೆ ಅವರ ಮಾತಿಗೆ ಬೆಲೆ ಕೊಡಿ. ರುಜುವಾತಿನ ಮೊದಲ ಸಾಲು ಕೊನೆಯ ಸಾಲಿನವರೆಗೂ ಕಣ್ಣ ಮುಂದೆ ಇರಬೇಕು, ಸ್ಲೈಡು ಹಾರಿಹೋಗುವಂತೆ ಅದು ಹಾರಿಹೋಗಬಾರದು. ಮೇಲೆ ಕೆಳಗೆ ಜಾರುವ ಎರಡು ಹಂತದ ಹಲಗೆ ಇದಕ್ಕೆ ಅತ್ಯುತ್ತಮ. ಪರದೆಯನ್ನು ಹಲಗೆಯ ನಡುಮಧ್ಯಕ್ಕೆ ಇಳಿಬಿಡುವ ಪದ್ಧತಿ ಬಿಟ್ಟುಬಿಡಿ. ಒಂದು ಪಕ್ಕಕ್ಕೋ ಮೂಲೆಗೋ ಹಾಕಿದರೆ ಎರಡನ್ನೂ ಒಟ್ಟಿಗೆ ಬಳಸಬಹುದು. ದೀಪಗಳಿಗೂ ಪ್ರತ್ಯೇಕ ಸ್ವಿಚ್ಚುಗಳಿರಲಿ, ಪರದೆಯ ಮುಂದಿನದನ್ನು ಆರಿಸಿದಾಗ ಹಲಗೆಯ ಮೇಲೆ 500 ಲಕ್ಸ್, ವಿದ್ಯಾರ್ಥಿಗಳ ಪುಸ್ತಕದ ಮೇಲೆ 300 ಲಕ್ಸ್ ಬೆಳಕು ಉಳಿಯುವಂತೆ.

ಪ್ರೊಜೆಕ್ಟರೋ ದೊಡ್ಡ ಟಿವಿಯಂಥ ಫಲಕವೋ ಎಂಬ ಪ್ರಶ್ನೆಯನ್ನು ದೂರವೇ ತೀರ್ಮಾನಿಸುತ್ತದೆ. 86 ಇಂಚಿನ ಫಲಕದ ಎತ್ತರ ಸುಮಾರು 1.07 ಮೀಟರ್, ಆರು ಪಟ್ಟು ಎಂದರೆ 6.4 ಮೀಟರ್. ಅದಕ್ಕಿಂತ ಆಚೆ ಆಸನಗಳಿದ್ದರೆ ಒಂದೇ ಫಲಕ ಸಾಲದು. ಚಿಕ್ಕ ಕೊಠಡಿಗೆ ಫಲಕವೇ ಮೇಲು, ಕಿಟಕಿ ತೆರೆದಿದ್ದರೂ ಚಿತ್ರ ಮಾಸುವುದಿಲ್ಲ. ದೊಡ್ಡದಕ್ಕೆ ಪ್ರೊಜೆಕ್ಟರ್. ಅದರಲ್ಲೂ ದೀಪದ್ದನ್ನು ಬಿಟ್ಟು ಲೇಸರಿನದನ್ನು ಕೊಳ್ಳಿ. ದೀಪದ ಆಯಸ್ಸು ಕೆಲವು ಸಾವಿರ ಗಂಟೆ, ಲೇಸರಿನದು ಸುಮಾರು 20,000 ಗಂಟೆ.

ಕಂಪ್ಯೂಟರ್ ಪ್ರಯೋಗಾಲಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿದ್ಯಾರ್ಥಿಗಳ ಬಳಿ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯ ವೈಫೈ ಮತ್ತು ಸಾಕಷ್ಟು ಪ್ಲಗ್ ಇರುವ ಯಾವ ಸಮನೆಲದ ಕೊಠಡಿಯೂ ಆ ಕೆಲಸ ಮಾಡುತ್ತದೆ.

ಹಣ ಎಷ್ಟಿದೆಯೋ ಅಷ್ಟಕ್ಕೆ

ತೀರಾ ಕಡಿಮೆ ಇದ್ದರೆ ಶಬ್ದ ಹೀರುವ ಫಲಕ, ದೀಪಗಳ ವಿಭಜನೆ, ಪಕ್ಕದ ಗೋಡೆಗಳಿಗೂ ಬರೆಯುವ ಹಲಗೆ, ಒಂದು ಒಳ್ಳೆಯ ಮೈಕ್. ಇದ್ದ ಪ್ರೊಜೆಕ್ಟರೇ ಇರಲಿ. ಈ ನಾಲ್ಕರಿಂದ ಆಗುವ ಸುಧಾರಣೆ ಹೊಸ ಸ್ಪರ್ಶ ಪರದೆಯಿಂದ ಆಗುವುದಿಲ್ಲ. ಇನ್ನೂ ಸ್ವಲ್ಪ ಇದ್ದರೆ ಕದಲದ ಬೆಂಚುಗಳನ್ನು ತೆಗೆಸಿ ಚಕ್ರದ ಮೇಜು ಕುರ್ಚಿ ಹಾಕಿಸಿ, ಪ್ಲಗ್‌ಗಳನ್ನು ಹೆಚ್ಚಿಸಿ. ಹೊಸ ಕಟ್ಟಡವನ್ನೇ ಕಟ್ಟುವಷ್ಟು ಇದ್ದರೆ ಗೋಡೆಯೊಳಗೆ ಈಗ ಬೇಕಾದ್ದಕ್ಕಿಂತ ಎರಡು ಪಟ್ಟು ಅಗಲದ ಖಾಲಿ ಕೊಳವೆಗಳನ್ನು ಹುಗಿಸಿ. ಮುಂದೆ ಯಾವ ತಂತಿ ಎಳೆಯಬೇಕಾದರೂ ಗೋಡೆ ಒಡೆಯುವ ಪ್ರಮೇಯ ಬರುವುದಿಲ್ಲ. ಎಲ್ಲ ಕೊಠಡಿಗಳಲ್ಲೂ ನಿಯಂತ್ರಣದ ಗುಂಡಿಗಳು ಒಂದೇ ರೀತಿ ಇರಲಿ, ಒಂದು ಕಡೆ ಕಲಿತವರು ಇನ್ನೊಂದು ಕಡೆ ತಡಕಾಡಬಾರದು.

ಒಂದೇ ಬಗೆಯ ಕೊಠಡಿಗಳನ್ನು ಸಾಲಾಗಿ ಕಟ್ಟುವುದಕ್ಕಿಂತ, ನಿಮಿಷಗಳ ಪಟ್ಟಿಯಲ್ಲಿ ಬಂದ ಅನುಪಾತದಲ್ಲಿ ಬಗೆಬಗೆಯವನ್ನು ಕಟ್ಟಿ. ಆ ಬಳಿಕ ವೇಳಾಪಟ್ಟಿ ಹಾಕುವವರಿಗೂ ಆ ಪಟ್ಟಿಯನ್ನು ಕೊಡಿ. ಅವರು ತಲೆ ಎಣಿಸಿ ಮಾತ್ರ ಕೊಠಡಿ ಹಂಚಿದರೆ ಚರ್ಚೆಯ ತರಗತಿ ಗ್ಯಾಲರಿಗೂ ಉಪನ್ಯಾಸ ದುಂಡು ಮೇಜಿಗೂ ಹೋಗಿ ಬೀಳುತ್ತದೆ.

ಆದೇಶ ಕೊಡುವ ಮುನ್ನ ಯಾವುದಾದರೂ ಖಾಲಿ ಜಾಗದಲ್ಲಿ ನಕ್ಷೆಯ ಅಳತೆಗೆ ನೆಲದ ಮೇಲೆ ಟೇಪು ಅಂಟಿಸಿ, ಮಾದರಿ ಮೇಜು ಕುರ್ಚಿ ಇಟ್ಟು, ಅಲ್ಲಿ ಪಾಠ ಮಾಡಲಿರುವವರನ್ನೂ ಕೆಲವು ವಿದ್ಯಾರ್ಥಿಗಳನ್ನೂ ಕೂರಿಸಿ ನೋಡಿ. ಕಡೆಯ ಮೂಲೆಯಿಂದ ಅಕ್ಷರ ಓದಿಸಿ. ಗುತ್ತಿಗೆ ಪತ್ರದಲ್ಲಿ ಅನುರಣನದ ಅವಧಿ, ಯಂತ್ರಗಳು ಓಡುವಾಗಿನ ಗದ್ದಲ, ಹಲಗೆಯ ಮೇಲಿನ ಬೆಳಕು ಈ ಮೂರರ ಅಂಕಿಯನ್ನೂ ಬರೆಸಿ, ಕೆಲಸ ಮುಗಿದ ಮೇಲೆ ನಿಮ್ಮ ಎದುರಿಗೇ ಅಳೆದು ತೋರಿಸುವವರೆಗೆ ಕೊನೆಯ ಕಂತನ್ನು ಬಿಡುಗಡೆ ಮಾಡಬೇಡಿ.